ಸೋಗು ಹಾಕಿದವರು ಯಾರು?

ಗಾಳಿಯಲ್ಲಿ ಕಳ್ಳರು ಹೆಚ್ಚಿದ್ದಾರೆ, ಅವರನ್ನು ಹಿಡಿಯಲು ತಾನೇ ಕಲಿಯುವ ಯಂತ್ರ ಬಂದಿದೆ ಎಂದು ಕಂಪನಿಗಳು ಡಂಗುರ ಸಾರುತ್ತಿವೆ. ಡಂಗುರ ಹೊಡೆಸುವವರು ಯಾರೆಂದು ನೋಡುವುದು ನಮ್ಮ ಹಳೆಯ ಚಾಳಿ.

ಕಳ್ಳತನವೇನೋ ನಿಜ. ವೈಫೈ ಹಿಡಿಯುವ ಪ್ರತಿ ಫೋನಿಗೂ 12 ಅಂಕಿ-ಅಕ್ಷರಗಳ ವಿಳಾಸವಿದೆ. ಗಿರಣಿಯ ಗೇಟಿನಲ್ಲಿ ತೋರಿಸುವ ಬಿಲ್ಲೆಯಿದ್ದಂತೆ. ಆದರೆ ಇನ್ನೊಬ್ಬನ ಬಿಲ್ಲೆಯ ನಂಬರನ್ನು ಯಾರು ಬೇಕಾದರೂ ಕ್ಷಣದಲ್ಲಿ ಕಟ್ಟಿಕೊಳ್ಳಬಹುದು. ಅದಕ್ಕೆ ವಿದ್ವಾಂಸರು ಬಿಲ್ಲೆಯನ್ನು ಬಿಟ್ಟು ದನಿಯನ್ನು ಹಿಡಿದರು. ಒಂದೇ ಕಾರ್ಖಾನೆಯ ಎರಡು ಫೋನುಗಳ ರೇಡಿಯೋ ಅಲೆಯೂ ಒಂದೇ ಸಮನಾಗಿರುವುದಿಲ್ಲ, ಕೂದಲೆಳೆಯ ವ್ಯತ್ಯಾಸವಿರುತ್ತದೆ. ಸಾವಿರಾರು ಮಾದರಿ ನೋಡಿ ಯಂತ್ರ ಅದನ್ನು ಕಲಿಯುತ್ತದೆ. ಕತ್ತಲಲ್ಲಿ ಕೆಮ್ಮು ಕೇಳಿಯೇ ಜೊತೆಗಾರ ಯಾರೆಂದು ನಾವು ಹೇಳುವುದಿಲ್ಲವೆ? ಹಾಗೆಯೇ. ಒಳ್ಳೆಯ ವಿದ್ಯೆ, ನಮ್ಮ ತಕರಾರು ವಿದ್ಯೆಯ ಮೇಲಲ್ಲ.

ಅಮೆರಿಕದ ನ್ಯಾಶ್‌ವಿಲ್ ನಗರದ ಸಂಗತಿ ಕೇಳಿ. ಅಲ್ಲಿ ಮ್ಯಾರಿಯಟ್ ಕಂಪನಿ ನಡೆಸುತ್ತಿದ್ದ ಭಾರಿ ಹೋಟೆಲೊಂದರಲ್ಲಿ, ಸಮ್ಮೇಳನಕ್ಕೆ ಬಂದವರು ತಮ್ಮದೇ ಫೋನಿನಿಂದ ವೈಫೈ ಮಾಡಿಕೊಂಡರೆ ಹೋಟೆಲಿನ ಕಾವಲು ಯಂತ್ರ ಪತ್ತೆ ಹಚ್ಚಿ, ‘ಸಂಪರ್ಕ ಮುಗಿಯಿತು’ ಎಂಬ ಸಂದೇಶ ಬಿಟ್ಟು ಕಡಿದುಹಾಕುತ್ತಿತ್ತು. ಇಂಥ ಸಂದೇಶವನ್ನು ಸಾಧನ ನಂಬಬೇಕಾದರೆ ಅದು ತನ್ನ ಜೊತೆಗಾರನ ವಿಳಾಸ ಹೊತ್ತೇ ಬರಬೇಕು. ಹಾಗಾದರೆ ಸೋಗು ಹಾಕಿದವರು ಯಾರು ಸ್ವಾಮಿ? ಇಷ್ಟೆಲ್ಲ ಏತಕ್ಕೆಂದರೆ, ಹೋಟೆಲಿನ ವೈಫೈಗೆ ಪ್ರದರ್ಶನದ ವ್ಯಾಪಾರಿಗಳು ಒಂದೊಂದು ಸಾಧನಕ್ಕೆ 250ರಿಂದ 1,000 ಡಾಲರ್ ತೆರಬೇಕಿತ್ತು! 2014ರಲ್ಲಿ ಅಲ್ಲಿಯ ಸರ್ಕಾರದ ಸಂಪರ್ಕ ಆಯೋಗ 6 ಲಕ್ಷ ಡಾಲರ್ ದಂಡ ಕಕ್ಕಿಸಿತು. ಅತಿಥಿಗಳನ್ನು ಪುಂಡ ಸಂಪರ್ಕಗಳಿಂದ ಕಾಪಾಡಿದೆವು ಎಂಬುದು ಕಂಪನಿಯ ಸಮರ್ಥನೆ. ಹೀಗೆ ಮಾಡುವುದು ತಪ್ಪಲ್ಲವೆಂದು ಸಾರಬೇಕೆಂದು ಹೋಟೆಲ್ ಮಾಲೀಕರ ಸಂಘದೊಡನೆ ಸೇರಿ ಅರ್ಜಿಯನ್ನೂ ಹಾಕಿತ್ತು. ವಿರೋಧ ಎದ್ದ ಮೇಲೆ 2015ರ ಜನವರಿಯಲ್ಲಿ ಹಿಂತೆಗೆದುಕೊಂಡಿತು.

ಈಗ ಅಂಥವರ ಕೈಗೆ ಇನ್ನೂ ಚುರುಕಾದ ಯಂತ್ರ ಬರಲಿದೆ. ಅದು ಕಳ್ಳನೆಂದವನೆಲ್ಲ ಕಳ್ಳನೆ? ಸಾಧನ ಬಿಸಿಯಾದರೆ, ಹಳತಾದರೆ ಅದರ ದನಿಯೂ ಬದಲಾಗುತ್ತದೆ. ನೂರು ಪ್ರಾಮಾಣಿಕರಲ್ಲಿ ಒಬ್ಬನ ವಿಷಯದಲ್ಲಿ ಮಾತ್ರ ಯಂತ್ರ ತಪ್ಪುತ್ತದೆ ಎನ್ನೋಣ. ದಿನಕ್ಕೆ 5,000 ಜನ ಬರುವಲ್ಲಿ 50 ಮಂದಿ ನಿರಪರಾಧಿಗಳಿಗೆ ಕಳ್ಳರ ಪಟ್ಟ! ಅವರಲ್ಲೊಬ್ಬ ಫೋನಿನಲ್ಲೇ ಹಣ ಪಡೆಯುವ ಚಿಲ್ಲರೆ ವ್ಯಾಪಾರಿಯಾದರೆ, ಅವನ ಅಂದಿನ ಗಿರಾಕಿಯನ್ನು ಯಾರು ಮರಳಿ ಕರೆತರುತ್ತಾರೆ?

ಯಂತ್ರ ಪತ್ತೆ ಹಚ್ಚಲಿ, ಪುರಾವೆ ತೋರಿಸಲಿ. ಕಡಿಯುವ ಕತ್ತಿಯನ್ನು ಮಾತ್ರ ಜಾಗದ ಒಡೆಯನಿಗೆ ಕೊಡಕೂಡದು. ಸುಳ್ಳು ವಿಳಾಸದ ಕಡಿತವನ್ನು ತಿರಸ್ಕರಿಸುವ ಬೀಗ 2009ರಲ್ಲೇ ವೈಫೈ ನಿಯಮಕ್ಕೆ ಸೇರಿದೆ. 2018ರಲ್ಲಿ ಬಂದ ಡಬ್ಲ್ಯೂಪಿಎ-3 ಅದನ್ನು ಕಡ್ಡಾಯ ಮಾಡಿದೆ. ಕಾವಲು ಯಂತ್ರ ಮಾರಲು ಬಂದವರನ್ನು, ಆ ಬೀಗವಿಲ್ಲದ ಹಳೆಯ ಪೆಟ್ಟಿಗೆಗಳನ್ನು ಇನ್ನೂ ಏಕೆ ನೇತುಹಾಕಿದ್ದೀರಿ ಎಂದು ಮೊದಲು ಕೇಳಬೇಕು.