ಕಡಲಗಾಳಿಗೆ ಕದ ಮುಚ್ಚಿದ ಮನೆಗಳು

ಬೆಸೆಂಟ್ ನಗರದಲ್ಲಿ ನೆಲೆಸಿರುವ ಕನ್ನಡಿಗರು ಊರಿನಿಂದ ಬಂದ ನೆಂಟರಿಷ್ಟರನ್ನು ಮೊದಲು ಕರೆದೊಯ್ಯುವುದು ಎಲಿಯಟ್ಸ್ ಕಡಲತೀರಕ್ಕೆ. ಸಂಜೆಯ ಗಾಳಿಯನ್ನು ಮನಸಾರೆ ಹೊಗಳಿ ಮನೆಗೆ ಮರಳಿದೊಡನೆ ಕಿಟಕಿಗಳನ್ನು ಭದ್ರಪಡಿಸಿ ಹವಾನಿಯಂತ್ರಕದ ಗುಂಡಿಯನ್ನು ಒತ್ತುವುದು ಈಗಿನ ರೂಢಿ. ಸಮುದ್ರವು ಕಾಲ್ನಡಿಗೆಯ ದೂರದಲ್ಲಿದ್ದರೂ ಅದರ ಗಾಳಿಗೆ ಮನೆಯೊಳಗೆ ಪ್ರವೇಶವಿಲ್ಲ.

ತಮಿಳುನಾಡು ಗೃಹನಿರ್ಮಾಣ ಮಂಡಳಿಯು 1970ರ ದಶಕದಲ್ಲಿ ಇಲ್ಲಿ ಕಟ್ಟಿದ ಮನೆಗಳು ಆಡಂಬರವಿಲ್ಲದವು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿದು ಗಾರೆ ಉದುರಿದ ಅವುಗಳಲ್ಲಿ ಅನೇಕವು ಉರುಳಿ, ಹೊಸ ವಸತಿಸಮುಚ್ಚಯಗಳು ಏಳುತ್ತಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಚದರಡಿಯ ಲೆಕ್ಕ, ಕಾರು ನಿಲ್ಲಿಸುವ ಜಾಗದ ಲೆಕ್ಕ ಎಲ್ಲವೂ ನಡೆಯುತ್ತದೆ. ಗಾಳಿಯ ಲೆಕ್ಕವನ್ನು ಕೇಳುವವರು ವಿರಳ.

ಪ್ರಕೃತಿಯನ್ನು ಅನುಸರಿಸುವ ವಾಸ್ತುಶಿಲ್ಪವೆಂದರೆ ತಜ್ಞರು ಒಡನೆಯೇ ಜಿಂಬಾಬ್ವೆಯ ಹರಾರೆಯತ್ತ ಬೊಟ್ಟುಮಾಡುತ್ತಾರೆ. ಅಲ್ಲಿ 1996ರಲ್ಲಿ ಮಿಕ್ ಪಿಯರ್ಸ್ ಎಂಬ ವಾಸ್ತುಶಿಲ್ಪಿ ಗೆದ್ದಲ ಹುತ್ತದಿಂದ ಸ್ಫೂರ್ತಿ ಪಡೆದು, ಸಾಧಾರಣ ಹವಾನಿಯಂತ್ರಣವಿಲ್ಲದೆ ತಂಪಾಗಿರುವ ಈಸ್ಟ್‌ಗೇಟ್ ಕಟ್ಟಡವನ್ನು ರಚಿಸಿದರು. (ಹುತ್ತದೊಳಗಿನ ಗಾಳಿಯ ಚಲನೆ ಅಂದು ಭಾವಿಸಿದಂತಿಲ್ಲವೆಂದು ಮುಂದಿನ ಸಂಶೋಧಕರು ಹೇಳಿದ್ದುಂಟು; ಕಟ್ಟಡವೇನೋ ತಂಪಾಗಿಯೇ ಇದೆ.) ಆದರೆ ಹರಾರೆ ಎತ್ತರದ ಪ್ರಸ್ಥಭೂಮಿ. ರಾತ್ರಿಯ ತಂಪನ್ನು ದಪ್ಪ ಗೋಡೆಗಳು ಹಗಲಿಗಾಗಿ ಕೂಡಿಡುತ್ತವೆ. ಬೇಸಗೆಯಲ್ಲಿ ರಾತ್ರಿಯೂ ಬೆವರಿಳಿಸುವ ಚೆನ್ನೈಗೆ ಆ ಉಪಾಯ ಒದಗದು. ಇಲ್ಲಿಯ ಪ್ರಕೃತಿ ಕೊಟ್ಟಿರುವ ವರವೇ ಬೇರೆ: ನೆಲ ಕಾದು ಅದರ ಮೇಲಿನ ಗಾಳಿ ಮೇಲೇರಿದಾಗ, ಮಧ್ಯಾಹ್ನದ ಹೊತ್ತಿಗೆ ಪೂರ್ವದಿಂದ ಒಳನುಗ್ಗುವ ಕಡಲಗಾಳಿ.

ಒಳಬಂದ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ಅದು ಒಳಬರುವುದೇ ಇಲ್ಲ. ಮೈಸೂರು, ಮಲೆನಾಡುಗಳ ತೊಟ್ಟಿಮನೆಯನ್ನು ಕಟ್ಟಿದ ಹಿರಿಯರಿಗೆ ಈ ಸತ್ಯ ಯಾವ ಪಠ್ಯಪುಸ್ತಕದ ನೆರವಿಲ್ಲದೆಯೂ ತಿಳಿದಿತ್ತು. ಬಿಸಿಗಾಳಿ ತೊಟ್ಟಿಯ ಮೂಲಕ ಮೇಲೇರುತ್ತಿತ್ತು, ಜಗಲಿಯ ಕಡೆಯಿಂದ ಹೊಸಗಾಳಿ ಬರುತ್ತಿತ್ತು. ನಾಲ್ಕನೆಯ ಅಂತಸ್ತಿನಲ್ಲಿ ತೊಟ್ಟಿಮನೆ ಕಟ್ಟಲಾಗದು, ನಿಜ. ಪೂರ್ವದ ಕಿಟಕಿಗೆ ಎದುರಾಗಿ ಪಶ್ಚಿಮದಲ್ಲೊಂದು ತೆರಪು, ಅರ್ಧ ಮಾತ್ರ ತೆರೆಯುವ ಜಾರುಕಿಟಕಿಗೆ ಬದಲು ಪೂರ್ಣ ತೆರೆಯುವ ಬಾಗಿಲ್ಗಿಟಕಿ, ಬಿಸಿಲು ತಡೆಯುವ ಅಗಲವಾದ ಚಜ್ಜಾ, ಮೆಟ್ಟಿಲ ಬಳಿ ಜಾಲಂಧ್ರ: ಇಷ್ಟನ್ನು ನಕ್ಷೆಯ ಹಂತದಲ್ಲಿಯೇ ಕೇಳಬಹುದು. ಗೋಡೆ ಎದ್ದ ಮೇಲೆ ಕೇಳಿ ಫಲವಿಲ್ಲ.

ಮರಗಳ ಮಾತಿಗೆ ದೂರದ ನಿದರ್ಶನ ಬೇಡ. ರುಕ್ಮಿಣೀದೇವಿ ಅರುಂಡೇಲ್ ಅವರ ಕಲಾಕ್ಷೇತ್ರವು 1962ರಲ್ಲಿ ನೆರೆಯ ತಿರುವಾನ್ಮಿಯೂರಿಗೆ ಬಂದಾಗ ಅದು ಮರಳುಭೂಮಿ. ನೆಟ್ಟು ಬೆಳೆಸಿದ ಮರಗಳೇ ಇಂದು ಆ ಆವರಣಕ್ಕೆ ಚಪ್ಪರ; ತಗ್ಗಾದ ಕುಟೀರಗಳು ಅವುಗಳ ನಡುವೆ ಅಡಗಿವೆ. ಹಸುರಿಗೂ ಆರೋಗ್ಯಕ್ಕೂ ಇರುವ ನಂಟು ಕೇವಲ ಕವಿಕಲ್ಪನೆಯಲ್ಲ. ಅಮೆರಿಕದ ರೋಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ಪೈಕಿ ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆಗೋಡೆ ಕಾಣುತ್ತಿದ್ದವರಿಗಿಂತ ಸರಾಸರಿ ಮುಕ್ಕಾಲು ದಿನ ಮುಂಚೆ ಮನೆಗೆ ತೆರಳಿದರು. ತೀವ್ರ ನೋವುಶಾಮಕಗಳೂ ಅವರಿಗೆ ಕಡಿಮೆ ಸಾಕಾದವು. ಚಿಕ್ಕ ಅಧ್ಯಯನವೇ ಸರಿ. ಆದರೂ ವಾಹನ ನಿಲುಗಡೆಗಾಗಿ ಅಂಗಳದ ಬೇವನ್ನು ಕಡಿಯುವ ಮುನ್ನ ನೆನೆಯತಕ್ಕದ್ದು.

ಇನ್ನು ದೀಪಗಳು. ವರ್ಷದ ಮೊದಲ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಇದೇ ತೀರದ ಮರಳಿನಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಬೆಳಕಿನತ್ತ ಸಾಗುವ ಸ್ವಭಾವದವು. ಹಿಂದೆ ಆ ಬೆಳಕು ಕಡಲ ಮೇಲಿನ ಬಾನಿನದು, ಈಗ ಬಾಲ್ಕನಿಗಳದು. 1988ರಿಂದ ವಿದ್ಯಾರ್ಥಿಗಳ ತಂಡವೊಂದು ಇರುಳೆಲ್ಲ ತೀರದಲ್ಲಿ ನಡೆದು, ಮೊಟ್ಟೆಗಳನ್ನು ಆಯ್ದು ರಕ್ಷಿತ ಬೇಲಿಯೊಳಗಿಟ್ಟು ಮರಿಗಳನ್ನು ಕಡಲಿಗೆ ಬಿಡುತ್ತಿದೆ. ಕಡಲ ಕಡೆಯ ದೀಪಗಳಿಗೆ ಮರೆ ಕಟ್ಟುವುದನ್ನೂ ಹೊಸ ಕಟ್ಟಡದ ನಕ್ಷೆಯಲ್ಲಿ ಸೇರಿಸಬಹುದು, ಖರ್ಚೇನೂ ಹೆಚ್ಚಾಗದು.