ಆನ್ ಎಲಿಯಟ್‌ಗೆ ಇಷ್ಟು ಬಾಯಿ ಇದ್ದಿದ್ದರೆ

ಜೇನ್ ಆಸ್ಟಿನ್ ಬರೆದು ಮುಗಿಸಿದ ಕೊನೆಯ ಕಾದಂಬರಿ ‘ಪರ್ಸುಯೇಶನ್’. 2022ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಅದನ್ನು ರೊಮ್ಯಾಂಟಿಕ್ ಕಾಮಿಡಿಯಾಗಿ ತಂದಿತು. ನಿರ್ದೇಶನ ಕ್ಯಾರಿ ಕ್ರ್ಯಾಕ್‌ನೆಲ್, ನಾಯಕಿ ಡಕೋಟಾ ಜಾನ್ಸನ್. ಸಿನಿಮಾ ನೋಡಿ ನೊಂದುಕೊಂಡ ಓದುಗರನ್ನು ಮಡಿವಂತರೆಂದು ಆಡಿಕೊಂಡವರಿದ್ದಾರೆ. ಹಾಸನದಲ್ಲಿ ಪದವಿ ತರಗತಿಗಳಿಗೆ ಈ ಕಾದಂಬರಿ ಪಾಠ ಮಾಡಿದ ನನಗೂ ಆ ನೋವಾಗಿದೆ. ಅದಕ್ಕೆ ಕಾರಣವಿದೆ.

ಹತ್ತೊಂಬತ್ತರ ಹರೆಯದ ಆನ್ ಎಲಿಯಟ್‌ಗೆ ನೌಕಾಪಡೆಯ ಫ್ರೆಡರಿಕ್ ವೆಂಟ್‌ವರ್ತ್ ಮೇಲೆ ಪ್ರೀತಿ. ಅವನಿಗೆ ಆಸ್ತಿಯಿಲ್ಲ, ದೊಡ್ಡ ಮನೆತನವೂ ಇಲ್ಲ. ತಾಯಿಯಿಲ್ಲದ ಹುಡುಗಿಗೆ ತಾಯಿಯಂತಿದ್ದ ಲೇಡಿ ರಸೆಲ್ ಈ ಸಂಬಂಧ ಬೇಡವೆಂದು ಬುದ್ಧಿ ಹೇಳುತ್ತಾಳೆ. ಆನ್ ಒಪ್ಪಿ ಅವನನ್ನು ಬಿಟ್ಟುಕೊಡುತ್ತಾಳೆ. ಎಂಟು ವರ್ಷದ ಮೇಲೆ ಅವನು ಕ್ಯಾಪ್ಟನ್ ಆಗಿ, 25,000 ಪೌಂಡ್ ಸಂಪಾದಿಸಿಕೊಂಡು ಬರುತ್ತಾನೆ. ಇವಳಿಗೀಗ ಇಪ್ಪತ್ತೇಳು. ಮನೆಯಲ್ಲಿ ಇವಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ.

ಬ್ಯಾರೊನೆಟ್ ಎಂದರೇನು, ಬಾತ್ ಊರಿಗೆ ಜನ ಯಾಕೆ ಹೋಗುತ್ತಿದ್ದರು ಎಂಬುದನ್ನೆಲ್ಲ ನನ್ನ ಹುಡುಗಿಯರಿಗೆ ಬಿಡಿಸಿ ಹೇಳಬೇಕಾಗುತ್ತಿತ್ತು. ಲೇಡಿ ರಸೆಲ್ ವಿಷಯದಲ್ಲಿ ಅದರ ಅಗತ್ಯವೇ ಬರಲಿಲ್ಲ. ನಿಜವಾಗಿಯೂ ಪ್ರೀತಿಸುವ, ಒಳ್ಳೆಯದಕ್ಕೆಂದೇ ಹೇಳುವ ಹಿರಿಯರ ಮಾತಿಗೆ ಎದುರಾಡುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತಿತ್ತು. “ಅವಳು ಯಾಕೆ ಬಾಯಿ ಬಿಡಲಿಲ್ಲ ಮೇಡಂ?” ಎಂದು ಯಾರಾದರೂ ಕೇಳಿದರೆ ಪಕ್ಕದವಳೇ ಉತ್ತರ ಕೊಡುತ್ತಿದ್ದಳು.

ಸಿನಿಮಾದ ಆನ್ ಹಾಗಲ್ಲ. ಕ್ಯಾಮೆರಾ ಕಡೆ ತಿರುಗಿ ನಮ್ಮೊಡನೆ ಹರಟುತ್ತಾಳೆ, ಮನೆಯವರನ್ನು ಆಡಿಕೊಳ್ಳುತ್ತಾಳೆ, ಸೀಸೆ ಎತ್ತಿ ವೈನ್ ಕುಡಿಯುತ್ತಾಳೆ. ಡಕೋಟಾ ಜಾನ್ಸನ್ ಚುರುಕಾದ ನಟಿ, ಅವಳ ತುಂಟತನ ನೋಡಲು ಚೆನ್ನಾಗಿಯೇ ಇದೆ. ಆದರೆ ಇಷ್ಟು ಬಾಯಿ ಇದ್ದವಳು ಅಂದು ಸುಮ್ಮನೆ ತಲೆಯಾಡಿಸುತ್ತಿದ್ದಳೆ? ಎಂಟು ವರ್ಷ ವೆಂಟ್‌ವರ್ತ್‌ಗೆ ಒಂದು ಸಾಲು ಕಾಗದ ಬರೆಯದೆ ಇರುತ್ತಿದ್ದಳೆ? ನಾಯಕಿಗೆ ನಾಲಿಗೆ ಕೊಟ್ಟ ಕ್ಷಣವೇ ಕಥೆಯ ಬುಡ ಕುಸಿದುಹೋಗುತ್ತದೆ.

ಒಂದು ಸನ್ನಿವೇಶ ನೋಡಿ. ತಂಗಿ ಮೇರಿಯ ಗಂಡ ಚಾರ್ಲ್ಸ್ ಮೊದಲು ಆನ್‌ಳನ್ನೇ ಮದುವೆಯಾಗಬೇಕೆಂದಿದ್ದ, ಇವಳು ಒಲ್ಲೆನೆಂದಿದ್ದಳು. ಸಿನಿಮಾದಲ್ಲಿ ಆನ್ ಇದನ್ನು ಊಟದ ಮೇಜಿನಲ್ಲಿ ಎಲ್ಲರೆದುರು ತಾನೇ ಒದರುತ್ತಾಳೆ, ನಾವು ನಗಬೇಕು. ಕಾದಂಬರಿಯಲ್ಲಿ ಅದು ನವೆಂಬರಿನ ಒಂದು ನಡಿಗೆಯಲ್ಲಿ ಬರುತ್ತದೆ. ಆನ್ ದಣಿದು ಬೇಲಿಯ ಪಕ್ಕ ಕೂತಿದ್ದಾಳೆ. ಬೇಲಿಯಾಚೆ ವೆಂಟ್‌ವರ್ತ್ ಜೊತೆ ನಡೆಯುತ್ತಿರುವ ಲೂಯಿಸಾ, ಚಾರ್ಲ್ಸ್‌ನ ತಂಗಿ, ಆ ಸಂಗತಿ ಹೇಳುತ್ತಾಳೆ. ಅದು ಯಾವಾಗ ಎಂದು ಅವನು ಕೇಳುತ್ತಾನೆ. ಅವನ ಮುಖ ಆನ್‌ಗೆ ಕಾಣುವುದಿಲ್ಲ, ಎದ್ದು ಹೋಗುವಂತೆಯೂ ಇಲ್ಲ. ತನ್ನನ್ನು ಕೈಬಿಟ್ಟ ಮೇಲೂ ಇವಳು ಇನ್ನೊಬ್ಬನನ್ನು ಒಪ್ಪಲಿಲ್ಲ ಎಂದು ಅವನಿಗೆ ತಿಳಿಯಿತು. ಅವನಿಗೆ ತಿಳಿಯಿತೆಂದು ಇವಳಿಗೂ ತಿಳಿಯಿತು. ಅದೇ ದಾರಿಯಲ್ಲಿ ಸ್ವಲ್ಪ ಹೊತ್ತಿಗೆ, ಇವಳ ಆಯಾಸ ಗಮನಿಸಿದ ವೆಂಟ್‌ವರ್ತ್ ತನ್ನ ಅಕ್ಕನ ಕುದುರೆಗಾಡಿಗೆ ಇವಳನ್ನು ಹತ್ತಿಸುತ್ತಾನೆ, ಒಂದು ಮಾತೂ ಆಡದೆ. ಈ ಭಾಗ ಓದುವಾಗ ಇಂದಿಗೂ ನನ್ನ ಗಂಟಲು ಕಟ್ಟುತ್ತದೆ.

ಹಾಗೆಂದು ಕಾದಂಬರಿಯಲ್ಲಿ ನಗುವಿಲ್ಲವೆಂದಲ್ಲ, ಬೇಕಾದಷ್ಟಿದೆ. ಆನ್‌ಳ ತಂದೆ ಸರ್ ವಾಲ್ಟರ್‌ಗೆ ತನ್ನ ರೂಪದ ಮೇಲೆ ಎಷ್ಟು ಮೋಹವೆಂದರೆ, ಅವನ ಮನೆಗೆ ಬಾಡಿಗೆಗೆ ಬಂದ ಅಡ್ಮಿರಲ್ ಕ್ರಾಫ್ಟ್ ಡ್ರೆಸ್ಸಿಂಗ್ ರೂಮಿನ ನಿಲುವುಗನ್ನಡಿಗಳನ್ನು ಹೊರಗೆ ಸಾಗಿಸಬೇಕಾಗುತ್ತದೆ. ಆ ನಗುವಿಗೆ ಆನ್ ಬಾಯಿ ಬಿಡಬೇಕಾಗಿಲ್ಲ.

ಹೊಸಕಾಲದ ವೇಷ ತೊಡಿಸಿದ್ದಕ್ಕೆ ನನ್ನ ತಕರಾರಿಲ್ಲ. ‘ಎಮ್ಮಾ’ವನ್ನು 1995ರ ‘ಕ್ಲೂಲೆಸ್’ ಬೆವರ್ಲಿ ಹಿಲ್ಸ್‌ನ ಹೈಸ್ಕೂಲಿಗೆ ಒಯ್ದಿತು. ಹುಡುಗಿಯ ಹುಂಬತನ, ಒಳ್ಳೆಯತನ ಎರಡೂ ಉಳಿದವು. ರಾಜೀವ್ ಮೆನನ್ 2000ದಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ತಮಿಳಿಗೆ ತಂದಾಗ ಟಬು ಮಾಡಿದ ಅಕ್ಕನ ಪಾತ್ರದ ಗಾಂಭೀರ್ಯಕ್ಕೆ ಧಕ್ಕೆ ಬರಲಿಲ್ಲ. ‘ಪರ್ಸುಯೇಶನ್’ ಅನ್ನೇ ರೋಜರ್ ಮಿಶೆಲ್ 1995ರಲ್ಲಿ ಬಿಬಿಸಿಗಾಗಿ ಮಾಡಿದ್ದಾರೆ. ಅಲ್ಲಿ ಆನ್ ಆದ ಅಮಾಂಡಾ ರೂಟ್ ಮಾತಿಗಿಂತ ಕಣ್ಣಲ್ಲೇ ಹೆಚ್ಚು ನಟಿಸುತ್ತಾಳೆ. ಮೌನವನ್ನು ತೆರೆಗೆ ತರಲಾಗದು ಎನ್ನುವವರು ಅದನ್ನು ನೋಡಬೇಕು.

ಆಸ್ಟಿನ್ ಈ ಕಾದಂಬರಿಯನ್ನು 1816ರ ಜುಲೈನಲ್ಲಿ ಮುಗಿಸಿದ್ದಳು. ಆಗ ಬರೆದ ಮೊದಲ ಅಂತ್ಯದಲ್ಲಿ ಆನ್ ಬೇರೊಬ್ಬನನ್ನು ಮದುವೆಯಾಗುತ್ತಾಳೆಂಬ ಸುದ್ದಿ ನಿಜವೇ ಎಂದು ವಿಚಾರಿಸಲು ಅಡ್ಮಿರಲ್ ವೆಂಟ್‌ವರ್ತ್‌ನನ್ನೇ ಕಳಿಸುತ್ತಾನೆ. ಅವಳು ಇಲ್ಲವೆಂದ ಕೂಡಲೇ ಇಬ್ಬರೂ ಒಂದಾಗುತ್ತಾರೆ. ಸಿನಿಮಾಕ್ಕೆ ಹೇಳಿಮಾಡಿಸಿದಂಥ ತಮಾಷೆಯ ಅಂತ್ಯ. ಆಕೆಗೆ ಅದು ಸಮಾಧಾನ ತರಲಿಲ್ಲ. ಆರೋಗ್ಯ ಕೈಕೊಡುತ್ತಿದ್ದರೂ ಮೂರು ವಾರದೊಳಗೆ ಬೇರೆ ಬರೆದಳು. ಕೈಬಿಟ್ಟ ಆ ಅಧ್ಯಾಯಗಳ ಹಸ್ತಪ್ರತಿ ಉಳಿದುಬಂದಿದೆ. ಹೊಸ ಅಂತ್ಯದಲ್ಲಿ ಬಾತ್‌ನ ಹೋಟೆಲೊಂದರ ಕೋಣೆ. ಹೆಂಗಸರ ಪ್ರೀತಿ ಭರವಸೆ ಸತ್ತ ಮೇಲೂ ಎಷ್ಟು ಕಾಲ ಉಳಿಯುತ್ತದೆಂದು ಆನ್ ಕ್ಯಾಪ್ಟನ್ ಹಾರ್ವಿಲ್‌ಗೆ ಹೇಳುತ್ತಿದ್ದಾಳೆ. ಅಲ್ಲೇ ಮೇಜಿನ ಬಳಿ ಕಾಗದ ಬರೆಯುತ್ತ ಕೂತ ವೆಂಟ್‌ವರ್ತ್‌ನ ಕೈಯಿಂದ ಲೇಖನಿ ಜಾರುತ್ತದೆ. ಎಂಟು ವರ್ಷದ ಮೇಲೆ ಅವಳು ಮನಸ್ಸು ಬಿಚ್ಚಿದ್ದಾಳೆ, ಅದೂ ಬೇರೊಬ್ಬರ ಬಳಿ. ಮುಂದೆ ಈ ಕಾದಂಬರಿಯನ್ನು ಮತ್ತೆ ಯಾರಾದರೂ ಸಿನಿಮಾ ಮಾಡುವುದಾದರೆ, ಚಿತ್ರಕಥೆಯ ಮೊದಲ ಸಾಲು ಬರೆಯುವ ಮುನ್ನ ಈ ಅಧ್ಯಾಯವನ್ನು ಹತ್ತು ಸಲ ಓದಲಿ.