ಕಾರಣ ಸಿಗದಿದ್ದರೆ ಕಾಯಿಲೆಯೇ ಸುಳ್ಳೇ?



ಹೆಣ್ಣುಮಕ್ಕಳು ಸೇನೆ ಸೇರುವ ಸುದ್ದಿಯನ್ನು ಪತ್ರಿಕೆಗಳು ಹೆಮ್ಮೆಯಿಂದ ಪ್ರಕಟಿಸುತ್ತವೆ. ಸಂತೋಷ. ಆದರೆ ಸಮವಸ್ತ್ರ ಕಳಚಿಟ್ಟ ಮೇಲೆ ಅವರ ಆರೋಗ್ಯ ಏನಾಗುತ್ತದೆಂದು ಯಾರೂ ಕೇಳುತ್ತಿಲ್ಲ. ಸೇನಾ ಆಸ್ಪತ್ರೆಗಳಲ್ಲಿ ದುಡಿದು ನಿವೃತ್ತಳಾದ ನನಗೆ ಈ ಮೌನ ಸರಿಯೆನಿಸುವುದಿಲ್ಲ.

ಅಮೆರಿಕದಲ್ಲಿ ಆದದ್ದನ್ನು ನೋಡಿ. 1990-91ರ ಕೊಲ್ಲಿ ಯುದ್ಧಕ್ಕೆ ಹೋದ ಸುಮಾರು 7 ಲಕ್ಷ ಸೈನಿಕರಲ್ಲಿ 40 ಸಾವಿರ ಮಹಿಳೆಯರಿದ್ದರು. ಊರಿಗೆ ಮರಳಿದ ಮೇಲೆ ಅನೇಕರಿಗೆ ಬಿಡದ ಸುಸ್ತು, ಕೀಲುನೋವು, ತಲೆನೋವು, ಮರೆವು, ಹೊಟ್ಟೆಯ ತೊಂದರೆ ಶುರುವಾದವು. ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಮಾನಸಿಕ ಒತ್ತಡ ಎಂದುಬಿಟ್ಟರು. ಹೆಂಗಸು ಬಂದರಂತೂ ಮುಟ್ಟಿನ ತೊಂದರೆ, ವಯಸ್ಸಿನ ತೊಂದರೆ ಎಂಬ ಉತ್ತರ ಎಲ್ಲ ದೇಶದ ಆಸ್ಪತ್ರೆಗಳಲ್ಲೂ ಸಿದ್ಧವಾಗಿರುತ್ತದೆ.

ವಿಷಾನಿಲದ ದಾಳಿ ನಡೆದೀತೆಂಬ ಭಯದಿಂದ ಆ ಸೈನಿಕರಿಗೆ ಪೈರಿಡೋಸ್ಟಿಗ್ಮಿನ್ ಬ್ರೋಮೈಡ್ ಎಂಬ ಮಾತ್ರೆ ನುಂಗಿಸಲಾಗಿತ್ತು. ಎಂಟು ಗಂಟೆಗೊಮ್ಮೆ 30 ಮಿಲಿಗ್ರಾಂ. 50 ಕಿಲೋ ತೂಕದವಳಿಗೂ 90 ಕಿಲೋ ತೂಕದವನಿಗೂ ಅಷ್ಟೇ. ಅವರ ಒಪ್ಪಿಗೆ ಕೇಳಬೇಕಿಲ್ಲವೆಂದು 1990ರ ಡಿಸೆಂಬರ್‌ನಲ್ಲಿ ನಿಯಮವನ್ನೇ ಸಡಿಲಿಸಿದರು. ಅದರ ಮೇಲೆ ಕೀಟನಾಶಕಗಳು. 1991ರ ಮಾರ್ಚ್‌ನಲ್ಲಿ ಇರಾಕಿನ ಖಮಿಸಿಯಾದಲ್ಲಿ ಅಮೆರಿಕದ ಪಡೆಗಳೇ ಸ್ಫೋಟಿಸಿದ ಶಸ್ತ್ರಾಸ್ತ್ರಗಳಲ್ಲಿ ಸಾರಿನ್ ಎಂಬ ವಿಷಾನಿಲ ಇತ್ತು. ಪೆಂಟಗನ್ ಇದನ್ನು ಒಪ್ಪಿಕೊಂಡದ್ದು 1996ರಲ್ಲಿ. ಕಾಯಿಲೆ ನಿಜ, ನಾಲ್ವರಲ್ಲಿ ಒಬ್ಬರಿಗಾದರೂ ಇದೆ, ಆ ಮಾತ್ರೆಗೂ ಕೀಟನಾಶಕಕ್ಕೂ ಅದರೊಂದಿಗೆ ನೇರ ಸಂಬಂಧವಿದೆ ಎಂದು ಸರ್ಕಾರದ್ದೇ ಸಲಹಾ ಸಮಿತಿ ಹೇಳುವಷ್ಟರಲ್ಲಿ 2008 ಬಂದಿತ್ತು. ಅಲ್ಲಿಗೂ ಮುಗಿಯಲಿಲ್ಲ. ಈ ಕಾಯಿಲೆಯ ಪರಿಹಾರಕ್ಕಾಗಿ ಬಂದ ಅರ್ಜಿಗಳಲ್ಲಿ 2015ರಲ್ಲಿ ಮಂಜೂರಾದದ್ದು ಶೇ 17ರಷ್ಟು ಮಾತ್ರ.

ಕಾರಣ ಹುಡುಕಬೇಕಾದವರು ವೈದ್ಯರು, ಸೇನೆ. ಅವರಿಗೆ ಅದು ಸಿಗದಿದ್ದರೆ ನರಳುವವಳ ಅರ್ಜಿ ಏಕೆ ತಿರಸ್ಕಾರವಾಗಬೇಕು? ಯಾರು ಎಷ್ಟು ಮಾತ್ರೆ ನುಂಗಿದರು, ಯಾರ ಡೇರೆಗೆ ಏನು ಸಿಂಪಡಿಸಿದರು ಎಂದು ಆಗ ಸರಿಯಾಗಿ ಬರೆದಿಡಲಿಲ್ಲ. ಮುಂದೆ ನಡೆದ ಅಧ್ಯಯನಗಳಲ್ಲೂ ಬಹುಪಾಲು ಗಂಡಸರೇ. ಹೀಗಾಗಿ ಹೆಂಗಸರ ನೋವಿಗೆ ಪುರಾವೆಯೇ ಇಲ್ಲದಂತಾಯಿತು. ಇದು ಅನ್ಯಾಯ.

ನಮಗಿನ್ನೂ ಕಾಲ ಮೀರಿಲ್ಲ. ಸೇನಾ ಪೊಲೀಸ್ ದಳದ ಮೊದಲ ಮಹಿಳಾ ತಂಡ, 83 ಮಂದಿ, ತರಬೇತಿ ಮುಗಿಸಿದ್ದು 2021ರ ಮೇ ತಿಂಗಳಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅವರಿಗೆ ಕೊಡುವ ಪ್ರತಿ ಔಷಧ, ಅವರು ಕೆಲಸ ಮಾಡುವ ಪ್ರತಿ ಜಾಗದ ಹೊಗೆ, ರಾಸಾಯನಿಕಗಳ ವಿವರ ಈಗಿನಿಂದಲೇ ದಾಖಲಾಗಲಿ; ಅದರ ಪ್ರತಿ ಅವರ ಕೈಯಲ್ಲೂ ಇರಲಿ. ಭರ್ತಿಯಾಗುವಾಗ ಇಲ್ಲದಿದ್ದ ಕಾಯಿಲೆ ಸೇವೆಯಲ್ಲಿ ಕಾಣಿಸಿಕೊಂಡರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು ಎಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ವೈದ್ಯಕೀಯ ಮಂಡಳಿಗಳು ಹೆಸರಿಲ್ಲದ ಕಾಯಿಲೆಗಳಿಗೂ ಇದೇ ನ್ಯಾಯ ಅನ್ವಯಿಸಲಿ. ಮಾಜಿ ಮಹಿಳಾ ಸೈನಿಕರ ಆರೋಗ್ಯದ ಅಂಕಿಅಂಶಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವಂತೆ ಕರ್ನಾಟಕದ ಸಂಸದರು ರಕ್ಷಣಾ ಸಚಿವರನ್ನು ಸದನದಲ್ಲಿ ಒತ್ತಾಯಿಸಲಿ.

— ನಿವೃತ್ತ ಸೇನಾ ಶುಶ್ರೂಷಾ ಅಧಿಕಾರಿ, ಮಡಿಕೇರಿ